ಸೂಜಿ ಸಾಹೇಬನ ಊರಿನಲ್ಲಿ

ಇಳಕಲ್

ನಾನು ಅಮೆರಿಕಕ್ಕೆ ಹೋಗಿ ಬಂದೆ ಎಂದರೆ ಹುನಗುಂದದ ಬಸ್‌ಸ್ಟ್ಯಾಂಡಿನಲ್ಲಿ ಇಂದಿಗೂ ನಗುವವರಿದ್ದಾರೆ. ಅವರ ತಪ್ಪೇನೂ ಇಲ್ಲ. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರನನ್ನು ನಮ್ಮ ಕಡೆ ಶಾಲೆಯ ಗ್ಯಾದರಿಂಗಿನ ನಾಟಕದ ಪರದೆಗೆ ಬಣ್ಣ ಬಳಿಯಲು ಕರೆಯುತ್ತಾರೆ, ಅಂಗಡಿಯ ಬೋರ್ಡು ಬರೆಯಲು ಕರೆಯುತ್ತಾರೆ, ಮದುವೆ ಮನೆಯ ಗೋಡೆಗೆ ಗಣಪತಿ ಬಿಡಿಸಲು ಕರೆಯುತ್ತಾರೆ. ಅಮೆರಿಕಕ್ಕೆ ಯಾರು ಕರೆಯುತ್ತಾರೆ? ನನ್ನನ್ನು ಕರೆದರು. ಕರೆದವರ ಕೆಲಸ ಒಂದು, ನನ್ನ ಅವ್ವ ಹೇಳಿ ಕಳಿಸಿದ ಕೆಲಸ ಬೇರೆ. ಕದ್ದ ಸೂಜಿಯೊಂದನ್ನು ತಿರುಗಿ ಕೊಟ್ಟು ಬರಬೇಕು, ಅವಳ ಅಪ್ಪನ ಮುಖ ಹುಡುಕಿ ತರಬೇಕು.

ಸೂಜಿಯ ಕತೆಯನ್ನು ಮೊದಲು ಹೇಳಿಬಿಡುತ್ತೇನೆ. ನಾವು ಇಳಕಲ್ಲಿನ ನೇಕಾರರು, ಲಿಂಗವಂತರು. ನನ್ನ ಅವ್ವ ನೀಲವ್ವನ ಬಳಿ ಮರದ ಹಿಡಿಯಿರುವ, ಗೇಣುದ್ದದ ಒಂದು ಉಕ್ಕಿನ ಸೂಜಿ ಇತ್ತು. ಮಗ್ಗದಲ್ಲಿ ಹರಿದ ಎಳೆ ಎತ್ತಲು ಅವಳು ಅದನ್ನೇ ಬಳಸುತ್ತಿದ್ದಳು. ಅದು ಎಲ್ಲಿಯದು ಎಂದು ಕೇಳಿದರೆ ಸಾಕು, ಶುರು.

"ನನಗ ಆಗ ಐದೋ ಆರೋ ವರ್ಷ. ಅಪ್ಪ ಸೀರಿ ಗಂಟು ಹೊತಗೊಂಡು ಬದಾಮಿಗೆ ಹೊಂಟಿದ್ದ. ನಾ ಹಟಾ ಮಾಡಿ ಬೆನ್ನು ಹತ್ತಿದೆ. ಮುಂಜಾನೆ ಹೊಂಡದಾಗ ಜಳಕಾ ಮಾಡಿ ಪಾವಟಗಿ ಮ್ಯಾಲೆ ಲಿಂಗಪೂಜಿಗೆ ಕುಂತ. ಎದುರಿಗೆ ಒಬ್ಬ ಕೆಂಪು ಮಾರಿ ಸಾಹೇಬ. ತೊಡಿ ಮ್ಯಾಲೆ ಕರಿ ತಗಡು ಇಟಗೊಂಡು ಸೂಜೀಲೆ ಅಪ್ಪನ ಚಿತ್ರಾ ತಗ್ಯಾಕ ಹತ್ತಿದ್ದ. ಗೀಚಿದಲ್ಲೆಲ್ಲಾ ಕೆಂಪಗ ಹೊಳೀತಿತ್ತು ನೋಡು!"

"ಸೂಜೀಲೆ ಯಾರರೆ ಚಿತ್ರಾ ತಗೀತಾರೇನು ಯವ್ವಾ?" ಎಂದು ನಾನು ನಗುತ್ತಿದ್ದೆ. ಓಣಿಯೂ ನಗುತ್ತಿತ್ತು. ಮುಂದೆ ಧಾರವಾಡದಲ್ಲಿ ಡ್ರಾಯಿಂಗ್ ಕೋರ್ಸಿಗೆ ಸೇರಿದಾಗ ಒಂದು ದಿನ ನಮ್ಮ ಗುರುಗಳು ತಾಮ್ರದ ತಗಡಿಗೆ ಕರಿ ಮೇಣ ಬಳಿದರು, ಸೂಜಿಯಿಂದ ಗೀಚಿದರು. ಗೀಚಿದ ಕಡೆ ತಾಮ್ರ ಕೆಂಪಗೆ ಹೊಳೆಯಿತು. ಆಮೇಲೆ ಆಸಿಡ್ಡಿನಲ್ಲಿ ಅದ್ದಿದರು, ಗೀಚಿದ ಗೆರೆಗಳನ್ನು ಆಸಿಡ್ ತಿಂದಿತು. ಆ ತಗ್ಗಿನಲ್ಲಿ ಶಾಯಿ ತುಂಬಿ, ಕಾಗದ ಒತ್ತಿ ಅಚ್ಚು ತೆಗೆದರು. ಓದು ಬರಹ ಬಾರದ ನನ್ನ ಅವ್ವ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಳು. ಅಂದಿನಿಂದ ನಾನು ನಗುವುದನ್ನು ಬಿಟ್ಟೆ.

ಆದರೆ ಸೂಜಿ ಬಂದ ಬಗೆಯನ್ನು ಅವಳು ಹೊರಗಿನವರಿಗೆ ಹೇಳಿರಲಿಲ್ಲ. ಸಾಹೇಬ ಬಗ್ಗಿ ಗೀಚುತ್ತಿದ್ದಾಗ ಅವನ ಡಬ್ಬಿಯಿಂದ ಅದನ್ನು ಎತ್ತಿಕೊಂಡಿದ್ದಳು. ಅಪ್ಪನಿಗೂ ಹೇಳಿರಲಿಲ್ಲ. ಮರುವರ್ಷ ಜ್ವರದಲ್ಲಿ ಅಪ್ಪ ತೀರಿಕೊಂಡ. ಮನೆಯಲ್ಲಿ ಅವನ ಒಂದು ಫೋಟೋವೂ ಇಲ್ಲ.

"ಅಪ್ಪನ ಮಾರಿ ನೆನಪಿಲ್ಲ ತಮ್ಮಾ," ಎನ್ನುತ್ತಿದ್ದಳು. "ಎಡಗಿವಿ ಹರಿದಿತ್ತು, ಅಷ್ಟ ನೆನಪು. ಹೆಗಲ ಮ್ಯಾಲೆ ಕುಂತಾಗ ಆ ಹರಕ ಕಿವಿ ಹಿಡಕೊತಿದ್ದೆ."

ಇಷ್ಟು ಅವಳ ಕತೆ. ಒಂದು ವರ್ಷ ಮಕ್ಕಳನ್ನು ಟ್ರಿಪ್ಪಿಗೆಂದು ಬದಾಮಿಗೆ ಕರೆದೊಯ್ದಿದ್ದೆ. ಹೊಂಡದ ಪಾವಟಿಗೆ ಮೆಟ್ಟಿಲ ಮೇಲೆ ಕುಳಿತು ಭೂತನಾಥನ ಗುಡಿಯ ಚಿತ್ರ ಬರೆಯುತ್ತಿದ್ದಾಗ ಒಬ್ಬ ಬಿಳಿಯ ಮುದುಕಿ ಬಂದು ಹಿಂದೆ ನಿಂತಳು. ಹೆಸರು ಮಾರ್ತಾ. ಅವಳ ಊರಿನಲ್ಲಿ ಆರಿನ್ ಟಾಸ್ಕರ್ ಎಂಬ ಚಿತ್ರಕಾರನಿದ್ದನಂತೆ. ಎಳೆಯ ವಯಸ್ಸಿನಲ್ಲಿ ತಾಮ್ರದ ತಗಡು, ಸೂಜಿಗಳ ಡಬ್ಬಿ ಹೊತ್ತುಕೊಂಡು ಹಿಂದೂಸ್ತಾನವನ್ನೆಲ್ಲ ಸುತ್ತಿದ್ದನಂತೆ. ಅವನ ಮನೆಯನ್ನೇ ಮ್ಯೂಸಿಯಂ ಮಾಡಿದ್ದಾರೆ. ಆದರೆ ಯಾವ ಚಿತ್ರ ಯಾವ ಊರಿನದು ಎಂದು ಅಲ್ಲಿ ಒಬ್ಬರಿಗೂ ಗೊತ್ತಿಲ್ಲ. ಸೂಜಿ ಎಂಬ ಮಾತು ಕೇಳಿ ನನ್ನ ಕೈಯ ಪೆನ್ಸಿಲ್ ಜಾರಿ ಹೊಂಡಕ್ಕೆ ಬಿತ್ತು.

ವಿಳಾಸ ಕೊಟ್ಟೆ. ಏಳೆಂಟು ತಿಂಗಳಿಗೆ ಕಾಗದ ಬಂತು: ಎರಡು ವಾರ ಬಂದು ಚಿತ್ರಗಳ ಊರು ಗುರುತಿಸಿ ಕೊಡಿ, ನಮ್ಮ ಶಾಲೆಯ ಮಕ್ಕಳಿಗೆ ನಾಲ್ಕು ಪಾಠ ಮಾಡಿ, ಖರ್ಚೆಲ್ಲ ನಮ್ಮದು. ಇಸವಿ ಎರಡು ಸಾವಿರ ದಾಟಿ ಮೂರ್ನಾಲ್ಕು ವರ್ಷವಾಗಿತ್ತು ಆಗ. ಅವ್ವನಿಗೆ ಎಂಬತ್ತರ ಹತ್ತಿರ. ಸೂಜಿಯನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು.

"ಇದನ್ನ ಆ ಸೂಜಿ ಸಾಹೇಬನ ಮನ್ಯಾಗ ಕೊಟ್ಟ ಬಾ. ಕದ್ದದ್ದು ಇಟಗೊಂಡು ಸಾಯಾಂಗಿಲ್ಲ ನಾ. ಹಂಗ ಬರೂ ಮುಂದ ಅಪ್ಪನ ಮಾರಿ ತಗೊಂಡ ಬಾ."

ಶೆಟ್ಟರ ಅಂಗಡಿಯಿಂದ ಒಂದು ಪಾವು ಸಕ್ಕರಿ ತಾ ಎಂದಷ್ಟೇ ಹಗುರಾಗಿ ಹೇಳಿದಳು.

ಮುಂಬಯಿ

ನನ್ನ ಹೆಂಡತಿ ಶಾಂತಾ ಸೂಟ್‌ಕೇಸಿನಲ್ಲಿ ಮೂವತ್ತು ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಅಂತ ಎರಡು ಬಗೆಯ ಚಟ್ನಿಪುಡಿ ತುಂಬಿದ್ದಳು. "ಅಲ್ಲಿ ಹಿಟ್ಟು ನಾದಿ ಹಂಗ ತಿಂತಾರಂತ್ರಿ," ಎಂದಳು. ಯಾರೋ ಅವಳಿಗೆ ಹಾಗೆ ಹೇಳಿದ್ದರು. ಸೂಜಿ ಕಳೆದೀತೆಂಬ ಹೆದರಿಕೆಯಿಂದ ನಾನು ಅದನ್ನು ಸೂಟ್‌ಕೇಸಿಗೆ ಹಾಕದೆ ಅಂಗಿಯ ಕಿಸೆಯಲ್ಲಿ ಪೆನ್ನುಗಳ ನಡುವೆ ಸಿಕ್ಕಿಸಿಕೊಂಡೆ. ಹುಷಾರಿತನ ಎಂದರೆ ಇದು.

ಏರ್‌ಪೋರ್ಟಿನಲ್ಲಿ ತಪಾಸಣೆಯವನು ಕಿಸೆಯಿಂದ ಗೇಣುದ್ದದ ಉಕ್ಕಿನ ಸೂಜಿ ಎಳೆದು ತೆಗೆದಾಗ ನನ್ನ ಹಿಂದಿದ್ದ ಸಾಲೆಲ್ಲ ಎರಡು ಹೆಜ್ಜೆ ಸರಿಯಿತು. "ಎಳಿ ಎತ್ತೂ ಸೂಜಿ ರೀ, ಮಗ್ಗದ್ದು" ಎಂದೆ. ಅವನಿಗೆ ಕನ್ನಡ ಬಾರದು. ಹಿಂದಿಯಲ್ಲಿ ಹೇಳಲು ಹೋಗಿ, ಇದು ನನ್ನ ತಾಯಿ ಸಣ್ಣವಳಿದ್ದಾಗ ಅಮೆರಿಕದವನಿಂದ ಕದ್ದದ್ದು, ಅದನ್ನು ಕೊಡಲೆಂದೇ ಹೊರಟಿದ್ದೇನೆ ಎಂದು ಖರೆಯನ್ನೇ ಒದರಿಬಿಟ್ಟೆ. ಅವನು ಇನ್ನೊಬ್ಬನನ್ನು ಕರೆದ. ಇನ್ನೊಬ್ಬ ಮತ್ತೊಬ್ಬನನ್ನು ಕರೆದ. ನಾಲ್ಕು ಮಂದಿ ಸೇರಿ ಸೂಜಿಯನ್ನು ನೋಡಿದರು, ನನ್ನನ್ನು ನೋಡಿದರು. ಕೊನೆಗೆ ವಿಮಾನ ಕಂಪನಿಯ ಒಬ್ಬ ತಾಯಿ ಬಂದು, ಇದನ್ನು ಕವರಿನಲ್ಲಿ ಹಾಕಿ ಸಾಮಾನಿನ ಜತೆ ಕಳಿಸುತ್ತೇವೆ, ಇಳಿದ ಮೇಲೆ ಕೇಳಿ ತೆಗೆದುಕೊಳ್ಳಿ ಎಂದಳು.

ನ್ಯೂಯಾರ್ಕಿನಲ್ಲಿ ಇಳಿದು, ಯಾವ ಕೌಂಟರಿನಲ್ಲಿ ಕೇಳಬೇಕೆಂದು ತಿಳಿಯದೆ ಒಂದೂವರೆ ತಾಸು ತಿರುಗಿದೆ. ಆಮೇಲೆ ಒಬ್ಬಳು ಮಡಿಚಿದ ಪಂಜೆಯಷ್ಟು ದೊಡ್ಡ ಕವರು ತಂದು ಮೇಜಿನ ಮೇಲಿಟ್ಟು, ನಾಲ್ಕು ಕಡೆ ಸಹಿ ಹಾಕಿಸಿಕೊಂಡಳು. ಒಳಗೆ ಒಂದು ಸೂಜಿ.

ಮೊದಲ ಬೆಳಗು

ಮಾರ್ತಾಳ ಊರು ವರ್ಮಾಂಟ್ ಎಂಬ ರಾಜ್ಯದ ಒಂದು ಹೊಳೆಯ ದಂಡೆಯಲ್ಲಿದೆ. ನಮ್ಮ ಕೆರೂರಿಗಿಂತ ಸಣ್ಣದು. ಅಕ್ಟೋಬರ್ ತಿಂಗಳು, ಗುಡ್ಡದ ಗಿಡಗಳೆಲ್ಲ ಕೆಂಪಾಗಿದ್ದವು. ಇಳಕಲ್ ಸೀರೆಯ ಸೆರಗನ್ನು ಗುಡ್ಡದ ಮೇಲೆ ಒಣಹಾಕಿದಂತಿತ್ತು. ಕಾರಿನಲ್ಲಿ ಬರುವಾಗ ನಾನು ಅದನ್ನೇ ಹೇಳಿದೆ. ಸೀರೆ ಎಷ್ಟು ಉದ್ದ ಎಂದು ಮಾರ್ತಾ ಕೇಳಿದಳು. ಒಂಬತ್ತು ವಾರಿ ಎಂದೆ. ಅಷ್ಟು ಬಟ್ಟೆಯನ್ನು ಒಬ್ಬಳೇ ಹೆಂಗಸು ಉಡುತ್ತಾಳೆ ಎಂಬುದನ್ನು ಅವಳು ನಂಬಲಿಲ್ಲ.

ಟಾಸ್ಕರ್ ಸಾಹೇಬನ ಬಾಳಿನ ಕತೆಯನ್ನು ಅವಳು ದಾರಿಯುದ್ದಕ್ಕೂ ಹೇಳಿದಳು. ಕುದುರೆಯ ಜೀನು ಹೊಲಿಯುವವನ ಮಗ. ಹುಡುಗನಾಗಿದ್ದಾಗ ಹಾಲಿನ ಬಂಡಿಗಳ ಮೇಲೆ ಹೆಸರು ಬರೆದು ಕೈ ಕುದುರಿಸಿಕೊಂಡ. ದೊಡ್ಡ ಶಹರಕ್ಕೆ ಹೋಗಿ ಕಲಿತ, ಪತ್ರಿಕೆಗಳಿಗೆ ಚಿತ್ರ ಬರೆದ, ಎಣ್ಣೆಬಣ್ಣದಲ್ಲಿ ದೊಡ್ಡ ದೊಡ್ಡ ಚಿತ್ರ ಮಾಡಿದ. ಆಮೇಲೆ ಸೂಜಿ ಹಿಡಿದ. ಆ ಕಾಲದಲ್ಲಿ ಅಲ್ಲಿನ ಮಂದಿಗೆ ಗೋಡೆಯ ಮೇಲೆ ಇಂಥ ಅಚ್ಚಿನ ಚಿತ್ರ ತೂಗುಹಾಕುವ ಹುಚ್ಚಿತ್ತಂತೆ. ಅದರಿಂದಲೇ ಅವನು ಹಡಗು ಹತ್ತಿ ಇಟಲಿ, ಈಜಿಪ್ಟು, ಹಿಂದೂಸ್ತಾನ ತಿರುಗಿದ. ಹೊಳೆ ಕಂಡಲ್ಲಿ, ಮೆಟ್ಟಿಲು ಕಂಡಲ್ಲಿ, ಮನುಷ್ಯ ಸುಮ್ಮನೆ ಕುಳಿತಲ್ಲಿ, ಅಲ್ಲಿಯೇ ಕುಳಿತು ತಗಡಿನ ಮೇಲೆ ನೇರವಾಗಿ ಗೀಚುತ್ತಿದ್ದ. ಮುಂದೆ ದೇಶಕ್ಕೆ ಕೆಟ್ಟ ಕಾಲ ಬಂದು ಚಿತ್ರ ಕೊಳ್ಳುವವರೇ ಇಲ್ಲವಾದರು. ಅವನು ಊರಿಗೆ ತಿರುಗಿ ಬಂದ. ಬೀಜದ ಪೊಟ್ಟಣಗಳ ಮೇಲೆ ಸೌತೆಕಾಯಿ, ಮೆಕ್ಕೆಜೋಳ ಬರೆದ. ಅವನದೊಂದು ಎಣ್ಣೆಬಣ್ಣದ ಚಿತ್ರ ಎಷ್ಟೋ ವರ್ಷ ಒಬ್ಬರ ಮನೆಯ ಕೋಳಿಗೂಡಿನ ಬಾಗಿಲಾಗಿತ್ತಂತೆ.

"ಆಮೇಲೆ ಸಾಯುವವರೆಗೆ ನಮ್ಮ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿದರು," ಎಂದಳು ಮಾರ್ತಾ. "ನಾನು ಅವರ ಕೊನೆಯ ವಿದ್ಯಾರ್ಥಿಗಳಲ್ಲಿ ಒಬ್ಬಳು. ನಾಟಕವಿದ್ದರೆ ಪರದೆಗೆ ಬಣ್ಣ ಬಳಿಯುವುದೂ ಅವರೇ."

ಡ್ರಾಯಿಂಗ್ ಮಾಸ್ತರ! ನಾನು ಸೀಟಿನಲ್ಲಿ ನೆಟ್ಟಗೆ ಕುಳಿತೆ. ಒಂದು ಕ್ಷಣ ಆ ಸಾಹೇಬ ನನ್ನ ಬೀಗನೇ ಆಗಿಬಿಟ್ಟಿದ್ದ.

ಮಾರ್ತಾ ಒಂಟಿ ಜೀವ. ಮ್ಯೂಸಿಯಮ್ಮಿನ ಕೀಲಿ ಅವಳ ಕೈಯಲ್ಲಿ, ಅವಳ ಮನೆ ಅದರ ಎದುರಿಗೇ. ಮೇಲಿನ ಕೋಣೆ ನನಗೆ ಕೊಟ್ಟಳು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕರ್ಪೂರ ಬೆಳಗಿ, ಎರಡು ಊದಿನಕಡ್ಡಿ ಹಚ್ಚಿಟ್ಟು ಲಿಂಗಪೂಜೆಗೆ ಕುಳಿತೆ. ಎಡಗೈಯಲ್ಲಿ ಲಿಂಗ, ಅದರ ಮೇಲೆ ದೃಷ್ಟಿ. ಅಷ್ಟರಲ್ಲಿ ತಲೆಯ ಮೇಲೆ ಏನೋ ಕಿರ್ರೋ ಎಂದು ಕಿರುಚಿತು. ನಮ್ಮ ಹಿಟ್ಟಿನ ಗಿರಣಿಯ ಬೆಲ್ಟ್ ಹರಿದರೂ ಅಂಥ ಸದ್ದು ಬರಲಾರದು. ಪೂಜೆಯ ನಡುವೆ ಏಳುವ ಹಾಗಿಲ್ಲ. ಏಳಲಿಲ್ಲ. ಮನೆ ಹತ್ತಿ ಉರಿಯುತ್ತಿದೆ ಎಂದುಕೊಂಡು ಮಾರ್ತಾ ತೊಯ್ದ ಟವೆಲ್ ಹಿಡಿದು ಓಡಿ ಬಂದಳು. ಬಂದವಳು ಬಾಗಿಲಲ್ಲಿ ನಿಂತುಬಿಟ್ಟಳು. ಮೇಲೆ ಯಂತ್ರ ಕಿರುಚುತ್ತಿದೆ, ಕೆಳಗೆ ನಾನು ಅಲ್ಲಾಡದೆ ಕುಳಿತಿದ್ದೇನೆ.

ಪೂಜೆ ಮುಗಿಯಿತು. ಅವಳು ಸ್ಟೂಲು ಹತ್ತಿ, ಹೊಗೆ ಕಂಡರೆ ಕೂಗುವ ಆ ಯಂತ್ರದ ಬಾಯಿ ಮುಚ್ಚಿಸಿದಳು. ಬೈಯುತ್ತಾಳೆ ಎಂದುಕೊಂಡೆ.

"ನೀವು ಈಗ ಕುಳಿತಿದ್ದಿರಲ್ಲ," ಎಂದಳು, "ಹಾಗೆ ಕುಳಿತ ಒಬ್ಬ ಮನುಷ್ಯ ನಮ್ಮಲ್ಲಿದ್ದಾನೆ. ಬನ್ನಿ."

ಹಣ್ಣು ಹಿಡಿದ ಮನುಷ್ಯ

ಎದುರಿನ ಮ್ಯೂಸಿಯಮ್ಮಿನ ಗೋಡೆಯ ಮೇಲಿದ್ದ ಆ ಚಿತ್ರದ ಕೆಳಗೆ ಅವರು ಬರೆದ ಹೆಸರು 'ಹಣ್ಣು ಹಿಡಿದ ಮನುಷ್ಯ'. ಹಣ್ಣಲ್ಲ, ಲಿಂಗ! ಕಲ್ಲಿನ ಮೆಟ್ಟಿಲು, ನೀರು, ಹಿಂದೆ ಗುಡ್ಡ, ನೀರಿನ ಆಚೆ ಗುಡಿ. ಮೆಟ್ಟಿಲ ಮೇಲೆ ಮೂವತ್ತು ದಾಟಿರದ ಒಬ್ಬ ಮನುಷ್ಯ, ಅಂಗೈಯಲ್ಲಿ ಲಿಂಗ ಹಿಡಿದು ದೃಷ್ಟಿ ನೆಟ್ಟಿದ್ದಾನೆ. ಪಕ್ಕದಲ್ಲಿ ಒಬ್ಬ ಸಣ್ಣ ಹುಡುಗಿ. ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದೆ. ಕಿವಿ ಹರಿದಿತ್ತು.

ಆದರೆ ಬಲಗಿವಿ. ಲಿಂಗವೂ ಬಲಗೈಯಲ್ಲಿ.

ಲಿಂಗವಂತರ ಮನೆಯಲ್ಲಿ ಹುಟ್ಟಿದ ಯಾರನ್ನಾದರೂ ಕೇಳಿ. ಲಿಂಗ ಎಡ ಅಂಗೈಯಲ್ಲೇ ಇರಬೇಕು, ಬಲಗೈಯಿಂದ ಪೂಜೆ. ಬಲಗೈಯಲ್ಲಿ ಇಟ್ಟುಕೊಂಡವನನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ. ಗುಡಿಯನ್ನು ನೋಡಿದರೆ ಅದೂ ಇರಬೇಕಾದ ಕಡೆ ಇಲ್ಲ. ಗುಡ್ಡವೂ ಇಳಿಯಬೇಕಾದ ಕಡೆ ಇಳಿದಿಲ್ಲ. ಇದು ಬದಾಮಿಯಲ್ಲ, ಇವನು ನನ್ನ ಅಜ್ಜನಲ್ಲ. ಎಲ್ಲೋ ಕಂಡದ್ದನ್ನು ಸಾಹೇಬ ಊರಿಗೆ ಬಂದು ನೆನಪಿನಿಂದ ಬರೆದಿದ್ದಾನೆ, ಅದೂ ತಪ್ಪು ತಪ್ಪಾಗಿ. ಸಿಟ್ಟು ಬಂತು. ಅಷ್ಟು ದೂರದಿಂದ ಬಂದ ದುಃಖವೇ ಸಿಟ್ಟಾಗಿ ಹೊರಬಿತ್ತು ಎನ್ನಬೇಕು.

"ಇವನು ನಮ್ಮವನಲ್ಲ," ಎಂದೆ. "ನಿಮ್ಮ ಮಾಸ್ತರರು ಮನೆಯಲ್ಲಿ ಕುಳಿತು ಕಲ್ಪಿಸಿ ಬರೆದದ್ದು."

ಮಾರ್ತಾಳ ಮುಖ ಬಿಗಿಯಿತು. "ನಮ್ಮ ಮಾಸ್ತರರು ಕಣ್ಣಿಗೆ ಕಾಣದ್ದನ್ನು ಒಂದು ಗೆರೆಯೂ ಬರೆದವರಲ್ಲ," ಎಂದಳು. ಏನು ತಪ್ಪಾಗಿದೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಅಲ್ಲಿನ ಮಂದಿಗೆ ಜಗಳ ಬೇಡವಾದರೆ ಹವೆಯ ಮಾತು ತೆಗೆಯುತ್ತಾರೆ. ನಾಳೆ ಚಳಿ ಹೆಚ್ಚಾದೀತು ಎಂದು ಹೇಳಿ ಅವಳು ದೀಪ ಆರಿಸಿದಳು.

ಮೂರು ದಿನದ ಸಿಟ್ಟು

ಮುಂದಿನ ಮೂರು ದಿನ ಉಳಿದ ಚಿತ್ರಗಳನ್ನು ನೋಡಿದೆ. ಇಲ್ಲಿ ನನ್ನ ಬಂಡವಾಳ ಬಯಲಾಯಿತು. ಹಿಂದೂಸ್ತಾನದ ಊರು ಗುರುತಿಸಲೆಂದು ಕರೆಸಿದ್ದಾರೆ, ನನಗೆ ಗೊತ್ತಿರುವ ಹಿಂದೂಸ್ತಾನ ಮಲಪ್ರಭೆಗೆ ಶುರುವಾಗಿ ಕೃಷ್ಣೆಗೆ ಮುಗಿಯುತ್ತದೆ. ಘಾಟು ಕಂಡರೆ ಕಾಶಿ ಎಂದೆ, ಒಂಟೆ ಕಂಡರೆ ರಾಜಸ್ಥಾನ ಎಂದೆ. ತೆಂಗಿನಮರವಿದ್ದ ಒಂದು ಚಿತ್ರಕ್ಕೆ ಬಹಳ ಹೊತ್ತು ಯೋಚಿಸಿ 'ಸಮುದ್ರದ ಕಡೆ' ಎಂದೆ. ಮಾರ್ತಾ ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡಳು.

ಊರಿನ ಮಂದಿ ಒಳ್ಳೆಯವರು. ಯಾರ ಮನೆಗೂ ಬೀಗವಿಲ್ಲ, ಆದರೆ ಹೇಳದೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ನಮ್ಮಲ್ಲಿ ಬೀಗ ಹಾಕುತ್ತೇವೆ, ಹೇಳದೆಯೇ ಹೋಗುತ್ತೇವೆ. ಪ್ರತಿ ಮನೆಯ ಮೆಟ್ಟಿಲ ಮೇಲೆ ಒಳ್ಳೊಳ್ಳೆಯ ಕುಂಬಳಕಾಯಿ ಇಟ್ಟಿದ್ದರು. ದೃಷ್ಟಿಗೆ ಇರಬೇಕೆಂದುಕೊಂಡೆ. ಅಲಂಕಾರಕ್ಕಂತೆ. ತಿನ್ನುವುದಿಲ್ಲವಂತೆ. ಅಷ್ಟು ಕುಂಬಳಕಾಯಿ ಶಾಂತಾಳ ಕೈಗೆ ಸಿಕ್ಕಿದ್ದರೆ ಇಡೀ ಓಣಿಗೆ ಪಲ್ಯ ಮಾಡಿ ಹಂಚುತ್ತಿದ್ದಳು.

ಮಾರ್ತಾ ರೊಟ್ಟಿಯ ಬದಲು ಬ್ರೆಡ್ಡಿಗೆ ಶೇಂಗಾದ ಮುದ್ದೆಯೊಂದನ್ನು ಬಳಿದು ಕೊಟ್ಟಳು. ಖಾರವಿಲ್ಲ, ಬೆಳ್ಳುಳ್ಳಿಯಿಲ್ಲ, ಬಾಯೊಳಗೆ ಅಂಟಿಕೊಂಡು ಮಾತೇ ನಿಂತುಹೋಯಿತು. ನಾನು ನಮ್ಮ ಶೇಂಗಾ ಹಿಂಡಿ ತೆಗೆದು ಬಡಿಸಿದೆ. ಅವಳ ಕಣ್ಣಲ್ಲಿ ನೀರು ಬಂತು, ಕಿವಿ ಕೆಂಪಾಯಿತು, ಮತ್ತೆ ತಟ್ಟೆ ಮುಂದೆ ಮಾಡಿದಳು. ಬಿಗಿದ ಮುಖ ಅಷ್ಟಕ್ಕೆ ಅರ್ಧ ಸಡಿಲವಾಯಿತು.

ಮೂರನೆಯ ದಿನ ಅವಳ ಫೋನಿನಿಂದ ಇಳಕಲ್ಲಿಗೆ ಮಾತನಾಡಿದೆ. ಪಕ್ಕದ ಮನೆಯವರು ಅವ್ವನನ್ನು ಕರೆತಂದರು. ಹಿಂದೆ ಮಗ್ಗದ ಲಟಕ್ ಲಟಕ್ ಕೇಳುತ್ತಿತ್ತು.

"ಸಿಕ್ಕನೇನೋ ಅಪ್ಪ?"

"ಹುಡಕಾಕ ಹತ್ತೇನಿ ಯವ್ವಾ."

"ಸೂಜಿ ಕೊಟ್ಟಿ?"

"ಕೊಡತೇನಿ."

"ಲಗೂನ ಹುಡುಕೋ ತಮ್ಮಾ. ನನಗೇನು ಭಾಳ ದಿನಾ ಅದಾವೇನು?" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಸೂಜಿ ಇನ್ನೂ ನನ್ನ ಸೂಟ್‌ಕೇಸಿನಲ್ಲೇ ಇತ್ತು. ನನ್ನ ತಾಯಿ ಕಳ್ಳಿ ಎಂದು ಈ ಮುದುಕಿಯ ಮುಂದೆ ಹೇಗೆ ಹೇಳುವುದು? ಹೊರಡುವ ದಿನ ಯಾವುದಾದರೂ ಮೇಜಿನ ಮೇಲೆ ಇಟ್ಟು ಸುಮ್ಮನೆ ಹೋಗಿಬಿಡಬೇಕೆಂದು ನಿಶ್ಚಯ ಮಾಡಿದ್ದೆ. ಅಪ್ಪನ ಮುಖದ ಬಗ್ಗೆ ಅವ್ವನಿಗೆ ಏನು ಹೇಳಬೇಕೆಂಬುದು ಮಾತ್ರ ಹೊಳೆಯಲಿಲ್ಲ.

ಆಲೂಗಡ್ಡೆ

ನಾಲ್ಕನೆಯ ದಿನ ಶಾಲೆಯಲ್ಲಿ ನನ್ನ ಪಾಠ. ಹುನಗುಂದದಲ್ಲಿ ಎಂಟನೇ ಇಯತ್ತೆಗೆ ಪ್ರತಿ ವರ್ಷ ಮಾಡುವ ಪಾಠವನ್ನೇ ಮಾಡಿದೆ, ಆಲೂಗಡ್ಡೆಯ ಅಚ್ಚು. ಆಲೂಗಡ್ಡೆಯನ್ನು ಎರಡು ಹೋಳು ಮಾಡಿ, ಚಿತ್ರ ಕೆತ್ತಿ, ಬಣ್ಣದಲ್ಲಿ ಅದ್ದಿ ಕಾಗದಕ್ಕೆ ಒತ್ತುವುದು. ನಮ್ಮ ಹುಡುಗರು ಪಾಠ ಮುಗಿದ ಮೇಲೆ ಉಳಿದ ಆಲೂಗಡ್ಡೆ ಮನೆಗೆ ಒಯ್ಯುತ್ತಾರೆ. ಅಲ್ಲಿನ ಮಕ್ಕಳು ಕೈ ಎತ್ತಿ ಅನುಮತಿ ಕೇಳದೆ ಮೂಗನ್ನೂ ಒರೆಸಿಕೊಳ್ಳುವುದಿಲ್ಲ.

ಒಬ್ಬ ಹುಡುಗಿ ಬೆಕ್ಕು ಕೆತ್ತಿದ್ದಳು. ಒತ್ತಿ ನೋಡಿದವಳೇ ಕೈ ಎತ್ತಿ ಅಳುವ ದನಿಯಲ್ಲಿ ಹೇಳಿದಳು. "ನನ್ನ ಬೆಕ್ಕು ಬಲಕ್ಕೆ ನೋಡುತ್ತಿತ್ತು. ಈಗ ಎಡಕ್ಕೆ ನೋಡುತ್ತಿದೆ!"

ನಾನು ದೊಡ್ಡ ಪಂಡಿತನಂತೆ ನಕ್ಕೆ. "ಅಚ್ಚು ಎಂದರೆ ಹಾಗೆಯೇ ಮಗಳೇ. ಕೆತ್ತಿದಾಗ ಎಡಕ್ಕಿದ್ದದ್ದು ಒತ್ತಿದಾಗ ಬಲಕ್ಕೆ ಬರುತ್ತದೆ. ಎಡ ಬಲವಾಗುತ್ತದೆ, ಬಲ..."

ಬಾಯಿ ಅಲ್ಲಿಗೇ ನಿಂತಿತು.

ಇಪ್ಪತ್ನಾಲ್ಕು ವರ್ಷ ಹೇಳಿದ ಮಾತು ಅದು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಕೆತ್ತುವಾಗ ಉಲ್ಟಾ ಕೆತ್ರಿ, ಇಲ್ಲಾಂದ್ರ ಒತ್ತಿದಾಗ ಉಲ್ಟಾ ಬರತದ ಎಂದು ಎಷ್ಟು ಮಕ್ಕಳ ತಲೆಗೆ ಮೊಟಕಿದ್ದೇನೆ! ಸಾಹೇಬ ಕಂಡದ್ದನ್ನು ಕಂಡಂತೆ ತಗಡಿನ ಮೇಲೆ ನೇರ ಗೀಚುತ್ತಿದ್ದ ಎಂದು ಮಾರ್ತಾ ಕಾರಿನಲ್ಲೇ ಹೇಳಿದ್ದಳು. ನೇರ ಗೀಚಿದರೆ ಅಚ್ಚು ಉಲ್ಟಾ ಬರದೆ ಇನ್ನೇನಾಗುತ್ತದೆ? ಲಿಂಗ ಬಲಗೈಯಲ್ಲಿದೆ ಎಂಬುದನ್ನು ಕಂಡೊಡನೆ ನನ್ನೊಳಗಿನ ಲಿಂಗವಂತ ಎದ್ದು ನಿಂತ, ಡ್ರಾಯಿಂಗ್ ಮಾಸ್ತರ ಕಣ್ಣು ಮುಚ್ಚಿ ಮಲಗಿದ. ಅಯ್ಯೋ ನನ್ನ ದಡ್ಡತನವೇ!

"ಮಕ್ಕಳೇ, ಬೆಕ್ಕು ಸರಿಯಾಗಿದೆ. ನಾನೇ ತಪ್ಪು," ಎಂದು ಹೇಳಿ ಹೊರಗೆ ಓಡಿದೆ. ಕೈತುಂಬ ಕೆಂಪು ಬಣ್ಣ. ದಾರಿಯಲ್ಲಿ ನಾಯಿ ತಿರುಗಾಡಿಸುತ್ತಿದ್ದ ಒಬ್ಬ ಗೃಹಸ್ಥ ನನ್ನ ಕೈ ನೋಡಿ, ಡಾಕ್ಟರನ್ನು ಕರೆಯಲೇ ಎಂದು ಕೇಳಿದ. ಕನ್ನಡಿ ಬೇಕು ಎಂದೆ. ಅವನೂ ಅವನ ನಾಯಿಯೂ ದಾರಿ ಬಿಟ್ಟು ನಿಂತರು.

ಕನ್ನಡಿ

ಮಾರ್ತಾ ಮ್ಯೂಸಿಯಮ್ಮಿನ ಅಡುಗೆಮನೆಯಲ್ಲಿ ಸೂಪು ಕುಡಿಯುತ್ತಿದ್ದಳು. ನಾನು ಏದುಸಿರು ಬಿಡುತ್ತ ಚಿತ್ರವನ್ನು ಗೋಡೆಯಿಂದ ಇಳಿಸಲು ಹೋದೆ. "ಬಣ್ಣದ ಕೈ!" ಎಂದು ಅವಳು ಕೂಗಿ ತಾನೇ ಇಳಿಸಿದಳು. ಹಜಾರದಲ್ಲಿ ಸಾಹೇಬನ ಕಾಲದ ಆಳೆತ್ತರದ ಕನ್ನಡಿ ಇತ್ತು. ಚಿತ್ರವನ್ನು ಅದರ ಎದುರು ಹಿಡಿಯಿರಿ ಎಂದೆ.

ಭೂತನಾಥನ ಗುಡಿ ತನ್ನ ಜಾಗಕ್ಕೆ ಬಂದು ಕುಳಿತಿತ್ತು. ಗುಡ್ಡ ನನ್ನ ಗುಡ್ಡವಾಯಿತು. ಮೆಟ್ಟಿಲು, ನಾನು ಪೆನ್ಸಿಲ್ ಬೀಳಿಸಿದ ಅದೇ ಮೆಟ್ಟಿಲು. ಆ ಮನುಷ್ಯನ ಎಡ ಅಂಗೈಯಲ್ಲಿ ಲಿಂಗ ಶಾಂತವಾಗಿ ಇತ್ತು. ಎಡಗಿವಿ ಹರಿದಿತ್ತು.

ನನಗೆ ಅಳು ಬಂತು. ತಡೆದುಕೊಳ್ಳಲಿಲ್ಲ. ಕಣ್ಣು ಒರೆಸಿಕೊಂಡದ್ದರಿಂದ ಮುಖವೆಲ್ಲ ಕೆಂಪು ಬಣ್ಣ.

"ಅಚ್ಚು ಉಲ್ಟಾ ಎಂದು ನಿಮಗೆ ಗೊತ್ತಿರಲಿಲ್ಲವೇ?" ಎಂದು ಮಾರ್ತಾ ನಿಜವಾದ ಆಶ್ಚರ್ಯದಿಂದ ಕೇಳಿದಳು. "ನೀವು ಡ್ರಾಯಿಂಗ್ ಮಾಸ್ತರರಲ್ಲವೇ?"

ಅವಳನ್ನು ಅಲ್ಲಿಯೇ ನಿಲ್ಲಿಸಿ, ಎದುರಿನ ಮನೆಗೆ ಹೋಗಿ ಸೂಟ್‌ಕೇಸಿನಿಂದ ಸೂಜಿ ತಂದೆ. ಸೀರೆಯ ತುಂಡು ಬಿಚ್ಚಿ ಮೇಜಿನ ಮೇಲಿಟ್ಟು, ಈ ಮನುಷ್ಯ ನನ್ನ ಅಜ್ಜ ಗುರಪ್ಪ, ಈ ಹುಡುಗಿ ನನ್ನ ತಾಯಿ, ಈ ಸೂಜಿಯನ್ನು ಅವಳು ಅವತ್ತು ಕದ್ದಳು, ಕ್ಷಮಿಸಬೇಕಂತೆ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

ಮಾರ್ತಾ ಸೂಜಿಯ ಮರದ ಹಿಡಿಯನ್ನು ಸವರಿ ಕುರ್ಚಿಯ ಮೇಲೆ ಕುಳಿತಳು. ಆಮೇಲೆ ನಗತೊಡಗಿದಳು.

"ಮಾಸ್ತರರು ಇದನ್ನು ಕ್ಲಾಸಿನಲ್ಲಿ ಹೇಳುತ್ತಿದ್ದರು! ಎದುರು ಕುಳಿತವರನ್ನು ಅಲ್ಲಾಡಿಸಬೇಡಿ ಎಂದು ಕಲಿಸುವಾಗಲೆಲ್ಲ ಇದೇ ಕತೆ. 'ಹಿಂದೂಸ್ತಾನದಲ್ಲಿ ಒಂದು ಪುಟ್ಟ ಹುಡುಗಿ ನನ್ನ ಒಳ್ಳೆಯ ಸೂಜಿ ಕದ್ದಳು. ಕದಿಯುವುದನ್ನು ನೋಡಿದೆ. ಕೂಗಿದ್ದರೆ ಅವಳ ಅಪ್ಪ ತಲೆ ಎತ್ತುತ್ತಿದ್ದ, ಚಿತ್ರ ಹೋಗುತ್ತಿತ್ತು. ಸೂಜಿ ಹೋಗಲಿ ಎಂದು ಸುಮ್ಮನಿದ್ದೆ.' ಯಾವ ಚಿತ್ರ ಎಂದು ನಾವು ಯಾರೂ ಕೇಳಲೇ ಇಲ್ಲ."

ಅವಳು ದಪ್ಪ ಭೂತಗನ್ನಡಿ ತಂದಳು. ಇಬ್ಬರೂ ತಲೆ ತಾಗಿಸಿ ಹುಡುಗಿಯನ್ನು ನೋಡಿದೆವು. ಅಪ್ಪನಿಗೆ ಕಾಣದಂತೆ ಅವಳು ಒಂದು ಕೈ ಬೆನ್ನ ಹಿಂದೆ ಮಾಡಿದ್ದಳು. ಕೈ ಮುಷ್ಟಿಯಾಗಿತ್ತು. ಮುಷ್ಟಿಯಿಂದ ಹೊರಗೆ ಕೂದಲಿನಷ್ಟು ಸಣ್ಣ ಒಂದು ಗೆರೆ.

ಆ ವಾರವೇ ಮಾರ್ತಾ ಹಳೆಯ ತಾಮ್ರದ ತಗಡನ್ನು ಹೊರತೆಗೆದು, ಸಾಹೇಬನ ಕೈಯಂತ್ರದಲ್ಲಿ ನನಗಾಗಿ ಒಂದು ಹೊಸ ಅಚ್ಚು ತೆಗೆದಳು. ಚಕ್ರ ತಿರುಗಿಸಿದವನು ನಾನು. 'ಹಣ್ಣು ಹಿಡಿದ ಮನುಷ್ಯ' ಎಂಬ ಚೀಟಿ ತೆಗೆದು, 'ಗುರಪ್ಪ ಮತ್ತು ಮಗಳು ನೀಲವ್ವ, ಬದಾಮಿ' ಎಂದು ಹಾಕಿದೆವು. ಹೊರಡುವ ದಿನ ಅವಳು ಸೂಜಿಯನ್ನು ಅದೇ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗೆ ತಿರುಗಿ ಕೊಟ್ಟಳು. "ಅವರು ನೋಡಿಯೂ ಬಿಟ್ಟದ್ದು," ಎಂದಳು. "ಇದು ಅವಳದೇ. ಈ ಸಲ ಸೂಟ್‌ಕೇಸಿನಲ್ಲಿಡಿ."

ಮತ್ತೆ ಇಳಕಲ್

ಬಸ್ಸಿಳಿದು ಮನೆಗೆ ಬಂದಾಗ ಬೆಳಗಿನ ಒಂಬತ್ತು. ಶಾಂತಾ ಚಹಾ ತಂದಳು. "ಹಿಟ್ಟು ಹಂಗ ತಿಂತಾರೇನ್ರಿ?" ಎಂದು ಕೇಳಿದಳು. ಅವ್ವನಿಗೆ ಅದಾವುದೂ ಬೇಕಿರಲಿಲ್ಲ. ನಾನು ಕೊಳವೆಯಿಂದ ಕಾಗದ ಬಿಚ್ಚುವವರೆಗೂ ನನ್ನ ಕೈಯನ್ನೇ ನೋಡುತ್ತ ನಿಂತಿದ್ದಳು.

ಅವಳನ್ನು ಕಪಾಟಿನ ಕನ್ನಡಿಯ ಎದುರು ನಿಲ್ಲಿಸಿದೆ. "ಯವ್ವಾ, ಕಾಗದದಾಗ ನೋಡಬ್ಯಾಡ. ಕನ್ನಡ್ಯಾಗ ನೋಡು," ಎಂದು ಚಿತ್ರವನ್ನು ಅವಳ ಭುಜದ ಪಕ್ಕ ಎತ್ತಿ ಹಿಡಿದೆ. ಕನ್ನಡಿಯಲ್ಲಿ ಇಬ್ಬರೂ ಬಂದರು. ಈ ಕಡೆ ಅಪ್ಪ, ಪಕ್ಕದಲ್ಲಿ ಎಂಬತ್ತರ ಮಗಳು.

ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಅಯ್ಯ, ಎಷ್ಟು ಸಣ್ಣಾಂವ ಅದಾನೋ ಅಪ್ಪ!" ಎಂದಳು. "ನಿನಗಿಂತಾ ಸಣ್ಣಾಂವ ಅದಾನಲ್ಲೋ ತಮ್ಮಾ."

ಕೈ ಚಾಚಿ ಕನ್ನಡಿಯ ಗಾಜಿನ ಮೇಲೆ ಆ ಹರಿದ ಕಿವಿಯನ್ನು ಎರಡು ಬೆರಳಿನಿಂದ ಹಿಡಿದಳು. ಹಿಡಿದುಕೊಂಡೇ ನಿಂತಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಶಾಂತಾಳೂ ಸೆರಗು ಬಾಯಿಗೆ ಹಚ್ಚಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ನಾನು ಚಿತ್ರದ ಸಣ್ಣ ಹುಡುಗಿಯನ್ನು ತೋರಿಸಿದೆ.

"ಇಕಿ ಯಾರು ನೋಡು. ಬೆನ್ನ ಹಿಂದ ಕೈಯಾಗ ಏನೈತಿ ನೋಡು."

ಅವ್ವ ಮುಖವನ್ನು ಕನ್ನಡಿಯ ಹತ್ತಿರ ಒಯ್ದಳು.

"ನೋಡಿದ್ದನೇನೋ ಅಂವಾ!"

"ನೋಡಿದ್ದ ಯವ್ವಾ. ಒದರಿದ್ರ ನಿಮ್ಮಪ್ಪ ತಲಿ ಎತ್ತತಾನಂತ ಸುಮ್ಮನ ಕುಂತಿದ್ದ."

ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡು ನಗತೊಡಗಿದಳು. ಅಳುವೂ ನಗುವೂ ಕೂಡಿ ಕೆಮ್ಮು ಬಂತು. ನೀರು ಕುಡಿಸಿದೆವು. ಸುಧಾರಿಸಿಕೊಂಡ ಮೇಲೆ ಕೇಳಿದಳು: "ಸೂಜಿ ಕೊಟ್ಟ ಬಂದಿ ಹೌದಿಲ್ಲೋ?"

"ಕೊಟ್ಟಿದ್ದೆ. ನಿಂದ ಅಂತ ತಿರುಗಿ ಕೊಟ್ಟಾರ," ಎಂದು ಸೀರೆಯ ತುಂಡು ಬಿಚ್ಚಿ ಸೂಜಿಯನ್ನು ಅವಳ ಅಂಗೈಯಲ್ಲಿಟ್ಟೆ.

ಅವ್ವ ಮುಷ್ಟಿ ಬಿಗಿದಳು. ಕನ್ನಡಿಯಲ್ಲಿ ಲಿಂಗದ ಮೇಲೆ ದೃಷ್ಟಿ ನೆಟ್ಟು ಕುಳಿತಿದ್ದವನನ್ನು ಒಮ್ಮೆ ನೋಡಿ, ಮೆಲ್ಲಗೆ ಕೈಯನ್ನು ಬೆನ್ನ ಹಿಂದೆ ಒಯ್ದಳು.

"ಅಪ್ಪಗ ಹೇಳಬ್ಯಾಡ," ಎಂದಳು.